ಉಬ್ಬರ ಎಂಬ ನಮೂದು

ಉಬ್ಬರ ಎಂಬ ಪದದ ಮೊದಲ ಅರ್ಥ ಸಮುದ್ರದ್ದೋ ಹೊಟ್ಟೆಯದ್ದೋ ಎಂಬುದು ಇವತ್ತು ಮಧ್ಯಾಹ್ನದೊಳಗೆ ಇತ್ಯರ್ಥವಾಗಲೇಬೇಕೆಂದು ಯಜಮಾನರು ಕಟ್ಟಪ್ಪಣೆ ಮಾಡಿದ್ದರು. ಮಧ್ಯಾಹ್ನ ಕಳೆದ ಮೇಲೆ ಅವನು ಅಕ್ಕನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಗಿತ್ತು. ಬೆಳಗ್ಗೆಯಿಂದ ಕೂತಲ್ಲಿ ಕೂರಲಾಗದಿರುವುದು ಈ ಎರಡರಲ್ಲಿ ಯಾವುದರಿಂದ ಎಂದು ತನ್ನನ್ನು ತಾನೇ ಕೇಳಿಕೊಂಡ. ಮೊದಲನೆಯದರಿಂದಲೇ ಇರಬೇಕೆಂಬ ಗುಮಾನಿ ಬಂತು. ಬಂದದ್ದೇ ತಡ, ಛೆ, ಎಂಥ ಮನುಷ್ಯನಪ್ಪ ನಾನು ಎಂದುಕೊಂಡು ಕುರ್ಚಿಯನ್ನು ಗೋಡೆಯ ಕಡೆಗೆ ಇನ್ನಷ್ಟು ಎಳೆದುಕೊಂಡು ಕುಳಿತ. ಪದಕೋಶದ ಕಚೇರಿಯಲ್ಲಿ ಅವನ ಮೇಜು ಗೋಡೆಗೆ ಮುಖ ಮಾಡಿಕೊಂಡಿತ್ತು. ಸಹಾಯಕ ಸಂಪಾದಕನಾಗಿ ಸೇರಿದ ದಿನ, ಇದೆಲ್ಲ ತಾತ್ಕಾಲಿಕ, ಕಿಟಕಿಯ ಪಕ್ಕ ಜಾಗ ಖಾಲಿಯಾದ ಕೂಡಲೇ ಅಲ್ಲಿಗೆ ಹಾಕಿಸಿಕೊಡುತ್ತೇವೆ ಎಂದಿದ್ದರು. ಕಿಟಕಿಯ ಪಕ್ಕದವರು ನಿವೃತ್ತರಾದರು, ಇನ್ನೊಬ್ಬರು ಬಂದರು, ಅವರೂ ನಿವೃತ್ತರಾದರು. ಅವನ ತಲೆ ಬೆಳ್ಳಗಾಯಿತು. ಗೋಡೆ ಮಾತ್ರ ಹಾಗೇ ಇತ್ತು. ಅದರ ಸುಣ್ಣ ಒಂದು ಕಡೆ ತೇವಕ್ಕೆ ಎದ್ದು ನಿಂತು, ಮುಟ್ಟಿದರೆ ಉದುರುವಂತಾಗಿತ್ತು. ಅದನ್ನು ಅವನು ಮುಟ್ಟುತ್ತಿರಲಿಲ್ಲ.

ಯಜಮಾನರೆಂದರೆ ಪ್ರಧಾನ ಸಂಪಾದಕರು. ಎದುರಿಗೆ ಸಾರ್, ಬೆನ್ನ ಹಿಂದೆ ಯಜಮಾನರು. 'ಉ' ಅಕ್ಷರದ ಸಂಪುಟ ಅಚ್ಚಿಗೆ ಹೋಗದೆ ನಿಂತಿರುವುದು ಒಂದೇ ಒಂದು ಪದದಿಂದ, ಆ ಪದ ಈ ಮಹಾನುಭಾವನ ಕೈಯಲ್ಲಿ ಸಿಕ್ಕಿಕೊಂಡಿದೆ ಎಂದು ಅವರು ಸಿಕ್ಕಸಿಕ್ಕವರ ಹತ್ತಿರ ಹೇಳಿಕೊಂಡು ತಿರುಗುತ್ತಿದ್ದರು. ಹೇಳಿಕೊಳ್ಳಲಿ. ಅವನಿಗೆ ಆ ಪದದ ಮೇಲೆ ಎಂಥದೋ ಮಮಕಾರ ಹುಟ್ಟಿಬಿಟ್ಟಿತ್ತು. ಉಬ್ಬುವುದೆಂದರೆ ಒಳಗಿನಿಂದ ತುಂಬಿ ಮೇಲೇಳುವುದು, ಅದು ಯಾರಿಗೆ ಗೊತ್ತಿಲ್ಲ? ಕಲಸಿಟ್ಟ ಹಿಟ್ಟು ಉಬ್ಬುತ್ತದೆ, ನೀರು ಕುಡಿದ ಬಾಗಿಲು ಉಬ್ಬುತ್ತದೆ, ಅತ್ತವರ ಕಣ್ಣು ಉಬ್ಬುತ್ತದೆ, ನಾಲ್ಕು ಮಾತು ಹೊಗಳಿದರೆ ಯಜಮಾನರೇ ಉಬ್ಬುತ್ತಾರೆ. ಆದರೆ ಉಬ್ಬರ ಬರೀ ಉಬ್ಬುವುದಲ್ಲ. ಅದರಲ್ಲಿ ಅಲೆ ಇದೆ, ಹೊತ್ತು ಗೊತ್ತು ಇದೆ. ಏರುತ್ತದೆ, ತುಸು ತಡೆಯುತ್ತದೆ, ಮತ್ತೆ ಏರುತ್ತದೆ, ತನ್ನ ಹೊತ್ತು ಮುಗಿದಾಗ ಇಳಿಯುತ್ತದೆ. ಸಮುದ್ರಕ್ಕೆ ಮೊದಲು ಇಟ್ಟ ಹೆಸರೇ ಆಮೇಲೆ ಹೊಟ್ಟೆಗೂ ಬಂತು ಎಂದು ಯಜಮಾನರ ವಾದ. ಸಮುದ್ರವನ್ನೇ ಕಾಣದೆ ಸತ್ತ ಜನ ಎಷ್ಟಿಲ್ಲ, ಅವರಿಗೆ ಹೊಟ್ಟೆ ಇರಲಿಲ್ಲವೇ ಎಂದು ಅವನ ವಾದ. ಮನುಷ್ಯ ಮೊದಲು ತನ್ನ ಮೈಯಲ್ಲಿ ಆದದ್ದಕ್ಕೆ ಹೆಸರಿಡುತ್ತಾನೆ, ಆಮೇಲೆ ದಡದಲ್ಲಿ ನಿಂತು, ಅರೆ, ಇದಕ್ಕೂ ನನಗಾದ ಹಾಗೇ ಆಗುತ್ತಿದೆಯಲ್ಲ ಎನ್ನುತ್ತಾನೆ. ಇದು ಹೊಳೆದ ದಿನ ಅವನು ಕಚೇರಿಯಿಂದ ಮನೆಗೆ ನಡೆದುಕೊಂಡೇ ಹೋಗಿದ್ದ. ಯಾರಿಗಾದರೂ ಹೇಳಬೇಕೆನಿಸಿ, ಯಾರೂ ಇಲ್ಲದೆ, ಅಕ್ಕನಿಗೆ ಹೇಳಿದ್ದ. ಅಕ್ಕ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಯಾರದೋ ತೋಳಿನ ಬಟ್ಟೆಗೆ ಅಂಚು ಮಡಿಸುತ್ತಿದ್ದವಳು ಸೂಜಿ ಬೀಳದ ಹಾಗೆ ನಕ್ಕಿದ್ದಳು.

ಅಕ್ಕ ಬೀದಿಯ ಹೆಂಗಸರಿಗೆಲ್ಲ ಬಟ್ಟೆ ಹೊಲಿಯುತ್ತಿದ್ದಳು. ಅವನಿಗಿಂತ ತುಂಬ ದೊಡ್ಡವಳು. ಮದುವೆಯಾಗಲಿಲ್ಲ, ಇವನಾದರೂ ಆಗಲಿ ಎಂದು ಕಾದಳು, ಇವನೂ ಆಗಲಿಲ್ಲ, ಆಮೇಲೆ ಆ ಮಾತು ಇಬ್ಬರಿಗೂ ಮರೆತೇ ಹೋಯಿತು. ಎರಡು ಕೋಣೆಯ ಮನೆ. ಮುಂದಿನದರಲ್ಲಿ ಹೊಲಿಗೆ ಯಂತ್ರ, ಹಿಂದಿನದರಲ್ಲಿ ಅವನ ಪುಸ್ತಕ. ಮೂರು ನಾಲ್ಕು ತಿಂಗಳ ಹಿಂದೆ ಒಂದು ಭಾನುವಾರ ಅವಳು ತನ್ನದೇ ಅಂಗಿಗಳನ್ನು ರಾಶಿ ಹಾಕಿಕೊಂಡು ಸೊಂಟದ ಹೊಲಿಗೆ ಬಿಚ್ಚುತ್ತಿದ್ದಳು. ಅವನು ಪೇಪರಿನ ಮೇಲಿಂದ ನೋಡಿ, "ಕೂತ್ಕೂತು ಉಬ್ಬಿಬಿಟ್ಟಿದೀಯ ಅಕ್ಕ, ಬಾಗಿಲು ಅಗಲ ಮಾಡಿಸ್ಬೇಕಾಗುತ್ತೆ," ಎಂದಿದ್ದ. ಅವಳು, "ನಿನ್ನ ಹಾಗೆ ಒಣಗಿದ ಕಡ್ಡಿ ಆಗಿರಕ್ಕಾಗುತ್ತಾ, ಮನೇಲಿ ಒಬ್ರಾದ್ರೂ ಮನುಷ್ಯರ ಥರ ಕಾಣ್ಬೇಡ್ವಾ," ಎಂದು ಹಲ್ಲಿನಲ್ಲಿ ದಾರ ಕಡಿದಿದ್ದಳು. ಚೆನ್ನಾಗಿಯೇ ನಕ್ಕಿದ್ದರು ಇಬ್ಬರೂ. ಈಗ ಅದು ನೆನಪಾಗಿ ಅವನಿಗೆ ಕಿವಿ ಬಿಸಿಯಾಯಿತು. ಅವಳ ಮುಖ, ತೋಳು, ಕುತ್ತಿಗೆ ಎಲ್ಲ ಇಳಿದುಹೋಗಿ ಹೊಟ್ಟೆಯೊಂದೇ ಬೆಳೆದದ್ದು ಪಕ್ಕದ ಮನೆಯವಳ ಕಣ್ಣಿಗೆ ಬಿತ್ತು, ಬಟ್ಟೆ ಅಳತೆ ಕೊಡಲು ಬಂದವರ ಕಣ್ಣಿಗೆ ಬಿತ್ತು, ಒಂದೇ ತಟ್ಟೆ ಒಂದೇ ಲೋಟದ ಹಾಗೆ ಜೊತೆಗಿದ್ದ ತಮ್ಮನ ಕಣ್ಣಿಗೆ ಬೀಳಲಿಲ್ಲ. ಕೊನೆಗೆ ಮೊನ್ನೆ ಪಕ್ಕದ ಮನೆಯವಳೇ ಗದರಿಸಿ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿ ತಂದಳು. ಅವತ್ತು ಅವನಿಗೆ ಬಿಡುವಿರಲಿಲ್ಲ. ಉಬ್ಬರದ ಕೆಲಸವಿತ್ತು.

ಮಂಡಳಿಯ ಸಭೆ ಉದ್ದನೆಯ ಮೇಜಿನ ಸುತ್ತ ಶುರುವಾಯಿತು. ಯಜಮಾನರು, ಹೊರಗಿನಿಂದ ಬರುವ ಒಬ್ಬರು ಪಂಡಿತರು, ಅವನು, ಮತ್ತೆ ಕರಡಮ್ಮ. ಅಚ್ಚಿನ ಕರಡು ತಿದ್ದುತ್ತಿದ್ದವರು ಆಕೆ. ಅದಕ್ಕೇ ಆ ಹೆಸರು, ಆಕೆಗೂ ಅದು ಗೊತ್ತಿತ್ತು, ಬೇಸರವಿರಲಿಲ್ಲ. ಈ ಕಚೇರಿಯಲ್ಲಿ ಒಂದು ಪದ್ಧತಿ ಹಿಂದಿನಿಂದ ನಡೆದುಬಂದಿತ್ತು: ಯಾವುದೇ ನಮೂದು ಅಚ್ಚಿಗೆ ಹೋಗುವ ಮೊದಲು ಅದನ್ನು ಮಂಡಳಿಯ ಮುಂದೆ ಗಟ್ಟಿಯಾಗಿ ಓದಬೇಕು, ಅದೂ ಚಿಹ್ನೆಗಳ ಸಮೇತ. ಕಣ್ಣಿಗೆ ತಪ್ಪಿದ್ದು ಕಿವಿಗೆ ಸಿಗುತ್ತದೆ ಎಂದು ಯಾರೋ ಹಿರಿಯರು ಮಾಡಿಟ್ಟದ್ದು. ಕರಡಮ್ಮ ಕನ್ನಡಕ ಸರಿಮಾಡಿಕೊಂಡು, ಏರಿಲ್ಲದ ಇಳಿವಿಲ್ಲದ ದನಿಯಲ್ಲಿ ಓದತೊಡಗಿದರು. ಉಬ್ಬರ, ನಾಮಪದ, ಪೂರ್ಣವಿರಾಮ. ಒಳಗಿನ ಒತ್ತಡದಿಂದ ಅಲೆಯಂತೆ ಏರುವುದು, ಅಲ್ಪವಿರಾಮ, ತುಂಬಿ ಮೇಲೇಳುವುದು, ಪೂರ್ಣವಿರಾಮ. ಹೀಗೆ ಅರ್ಥಗಳೆಲ್ಲ ಮುಗಿದು ಪ್ರಯೋಗಗಳಿಗೆ ಬಂದರು. ಪ್ರತಿ ಅರ್ಥಕ್ಕೂ ಜನ ನಿಜವಾಗಿ ಆಡಿದ ಅಥವಾ ಬರೆದ ಒಂದು ವಾಕ್ಯವಾದರೂ ಬೇಕು. ಅಂಥ ವಾಕ್ಯ ಸಿಕ್ಕರೆ ಚೀಟಿಯ ಮೇಲೆ ಬರೆದು ತಂದು ಹಾಕಬೇಕು. ಕರಡಮ್ಮ ಓದಿದರು: "ಬೆಳಗ್ಗೆ ಏಳುವಾಗ ಏನೂ ಇರಲ್ಲ, ಅಲ್ಪವಿರಾಮ, ಸಂಜೆ ಆಯ್ತು ಅಂದ್ರೆ ಹೊಟ್ಟೆಯೆಲ್ಲ ಉಬ್ಬರ, ಅಲ್ಪವಿರಾಮ, ಒಳಗಿಂದ ಯಾರೋ ನೀರು ತುಂಬಿಸ್ತಾ ಇರೋ ಹಾಗೆ ಅಲೆ ಅಲೆಯಾಗಿ ಬರುತ್ತೆ, ಪೂರ್ಣವಿರಾಮ. ಕಂಸದಲ್ಲಿ ಆಡುಮಾತು."

ಅದು ಅಕ್ಕನ ಮಾತು. ಅವನೇ ಬರೆದುಕೊಂಡದ್ದು, ಅವನೇ ಆರಿಸಿದ್ದು, ಅಲ್ಪವಿರಾಮ ಎಲ್ಲಿ ಬೀಳಬೇಕೆಂದು ಯೋಚಿಸಿ ಯೋಚಿಸಿ ಅವನೇ ಹಾಕಿದ್ದು. ಎಷ್ಟು ಸಲ ಓದಿದ್ದನೋ ಲೆಕ್ಕವಿಲ್ಲ. ಆದರೆ ಇನ್ನೊಬ್ಬ ಹೆಂಗಸಿನ ಬಾಯಿಂದ, ನಿರ್ಭಾವದ ಆ ದನಿಯಲ್ಲಿ, ಈಗ ಮೊಟ್ಟಮೊದಲು ಅದು ಅವನ ಕಿವಿಗೆ ಬಿತ್ತು. ಯಾರೋ ಒಬ್ಬಳು ತನಗೆ ಮೈ ಸರಿಯಿಲ್ಲ ಎಂದು ಹೇಳುತ್ತಿದ್ದಾಳೆ. ಮೇಜಿನ ಅಂಚನ್ನು ಹಿಡಿದುಕೊಂಡ.

"ಭಲೇ!" ಎಂದರು ಯಜಮಾನರು. "ಇದಪ್ಪ ಪ್ರಯೋಗ ಅಂದ್ರೆ. ಎಲ್ಲಿ ಹಿಡಿದ್ರಿ ಇದನ್ನ?"

"ಏರಿಕೆ, ಇಳಿಕೆ, ಅಲೆ, ಎಲ್ಲಾ ಒಂದೇ ವಾಕ್ಯದಲ್ಲಿ ಬಂದುಬಿಟ್ಟಿದೆ," ಎಂದು ಪಂಡಿತರು ತಲೆದೂಗಿದರು. "ಕೂತು ಬರೆದರೂ ಹೀಗೆ ಬರಲ್ಲ."

"ಬಸ್ಸಲ್ಲಿ ಸಾರ್," ಎಂದ ಅವನು. "ಯಾರೋ ಒಬ್ಬ ಹೆಂಗಸು. ಮುಂದಿನ ಸೀಟಲ್ಲಿ."

ಏಕೆ ಹಾಗೆ ಹೇಳಿದನೋ ಅವನಿಗೇ ತಿಳಿಯಲಿಲ್ಲ. ನಾಲಿಗೆ ತಾನೇ ಮುಂದಾಗಿ ಹೇಳಿಬಿಟ್ಟಿತ್ತು. ಕರಡಮ್ಮ ಕನ್ನಡಕದ ಮೇಲಿಂದ ಅವನನ್ನು ನೋಡಿ, "ಪಾಪ. ಆಮೇಲೆ ಯಾರಿಗಾದ್ರೂ ತೋರಿಸ್ಕೊಂಡ್ಳಂತಾ?" ಎಂದರು.

"ಗೊತ್ತಿಲ್ಲ. ಮುಂದಿನ ಸ್ಟಾಪಲ್ಲಿ ಇಳಿದುಹೋದ್ಳು."

"ತೋರಿಸ್ಕೊಳಮ್ಮ ಅಂತ ಒಂದು ಮಾತು ನೀವಾದ್ರೂ ಹೇಳಬಾರದಿತ್ತಾ? ನಮ್ಮ ಚಿಕ್ಕಮ್ಮಂಗೆ ಹೀಗೇ ಶುರುವಾಗಿದ್ದು."

"ರೀ ತಾಯಿ," ಎಂದರು ಯಜಮಾನರು, "ನಾವಿಲ್ಲಿ ಪದಕೋಶ ಮಾಡ್ತಿದೀವೋ, ದವಾಖಾನೆ ಇಟ್ಕೊಂಡಿದೀವೋ?"

ಪಂಡಿತರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನೂ ನಕ್ಕ. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವನು ಅವನೇ; ಆ ನಗು ನಿಲ್ಲಿಸಲು ಬಾರದೆ ಕೆಮ್ಮಿಗೆ ತಿರುಗಿ ಕಣ್ಣಲ್ಲಿ ನೀರು ಬಂತು. ಆಮೇಲೆ ನಡೆದದ್ದು ಅವನಿಗೆ ಅರ್ಧಂಬರ್ಧ ಕೇಳಿಸಿತು. ಪದದ ಮೂಲದ ಬಗ್ಗೆ ಯಜಮಾನರು ಪಟ್ಟು ಬಿಡಲಿಲ್ಲ. ಇದು ನಮ್ಮದೇ ಮಾತು, ಉಬ್ಬು ಎಂಬುದೇ ಇದರ ಬೇರು, ನಮ್ಮ ಅಕ್ಕಪಕ್ಕದ ಭಾಷೆಗಳಲ್ಲೂ ಇದರ ದಾಯಾದಿಗಳಿದ್ದಾರೆ ಎಂದು ಅವನು ತಿಂಗಳುಗಟ್ಟಲೆ ಕೂತು ಬರೆದದ್ದನ್ನು ಅವರು ಒಂದು ಸಲ ತಿರುವಿ ಹಾಕಿ, ದೊಡ್ಡ ಪದಗಳೆಲ್ಲ ಹೊರಗಿನಿಂದಲೇ ಬಂದಿರುತ್ತವೆ, ಸದ್ಯಕ್ಕೆ ಆ ಜಾಗದಲ್ಲಿ ಒಂದು ಪ್ರಶ್ನೆಯ ಚಿಹ್ನೆ ಹಾಕಿ, ಸಮುದ್ರ ಮೊದಲು ಬರಲಿ, ಹೊಟ್ಟೆ ಕೊನೆಗೆ ಇರಲಿ ಎಂದರು. ಬೇರೆ ದಿನವಾಗಿದ್ದರೆ ಅವನು ಹಲ್ಲು ಕಚ್ಚಿಕೊಂಡು ವಾದಕ್ಕೆ ನಿಲ್ಲುತ್ತಿದ್ದ. ಇವತ್ತು, "ಆಗಲಿ ಸಾರ್," ಎಂದ. ಪ್ರಯೋಗ ಮಾತ್ರ ಹಾಗೇ ಇರಲಿ, ಒಂದಕ್ಷರ ಮುಟ್ಟಬೇಡಿ ಎಂದರು ಯಜಮಾನರು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವನ ಬೆನ್ನು ತಟ್ಟಿದರು. ತಟ್ಟಿದಾಗ ಒಂದು ಕ್ಷಣ, ಬರೀ ಒಂದೇ ಕ್ಷಣ, ಅವನಿಗೆ ಖುಷಿಯಾಯಿತು. ಅದನ್ನು ಅವನು ಗಮನಿಸಿದ. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಮೂರು ನಾಲ್ಕು ತಿಂಗಳ ಹಿಂದೆ ಒಂದು ದಿನ ಇಬ್ಬರೂ ಊಟಕ್ಕೆ ಕೂತಿದ್ದರು. ಅಕ್ಕ ಅರ್ಧಕ್ಕೇ ತಟ್ಟೆ ಸರಿಸಿ ಗೋಡೆಗೆ ಒರಗಿಕೊಂಡು, ಅವನನ್ನು ನೋಡದೆ ಹೇಳಿದ ಮಾತು ಅದು. ಅವನಿಗೆ ಆಗ ಆಡುಮಾತಿನ ಪ್ರಯೋಗವೊಂದು ಸಿಗದೆ ತಲೆಕೆಟ್ಟು ಹೋಗಿತ್ತು. ಅವಳ ಬಾಯಿಂದ ಆ ಪದ ಬಿದ್ದದ್ದೇ ಅವನ ಮೈಯೆಲ್ಲ ಕಿವಿಯಾಯಿತು. ಎಂಜಲು ಕೈಯಲ್ಲೇ ಎದ್ದ. "ಇನ್ನೊಂದ್ಸಲ ಹೇಳು ಅಕ್ಕ." ಅವಳ ಮುಖ ಅರಳಿತು. ಎಷ್ಟೋ ದಿನದಿಂದ ಗೋಡೆಗೆ ಮಾತಾಡಿದ ಹಾಗೆ ಮಾತಾಡುತ್ತಿದ್ದವಳಿಗೆ ತಮ್ಮ ಹೀಗೆ ಎದ್ದು ನಿಂತು ಕೇಳಿದ್ದು ಹೊಸದು. ಅವಳು ಇನ್ನೊಮ್ಮೆ ಹೇಳಿದಳು, ಹೊಟ್ಟೆಯ ಮೇಲೆ ಕೈಯಾಡಿಸಿ ಎಲ್ಲಿಂದ ಎಲ್ಲಿಗೆ ಎಂದು ತೋರಿಸುತ್ತಾ ಹೇಳಿದಳು. "ಹಾಗಲ್ಲ, ಮೊದಲು ಹೇಳಿದ ಹಾಗೇ ಹೇಳು, 'ಯಾರೋ ನೀರು ತುಂಬಿಸ್ತಾ' ಅಂದ್ಯಲ್ಲ, ಹಾಗೆ," ಎಂದು ಅವನು ತಿದ್ದಿದ. ಹಾಗೂ ಹೇಳಿದಳು. ಅವನು ಬರೆದುಕೊಂಡು, ಆಹಾ ಎಂದು ಚೀಟಿಯನ್ನು ಜೇಬಿಗಿಟ್ಟುಕೊಂಡು ಮತ್ತೆ ಊಟಕ್ಕೆ ಕೂತ. ಅಕ್ಕ ಸ್ವಲ್ಪ ಹೊತ್ತು ಅವನ ಮುಖವನ್ನೇ ನೋಡುತ್ತಿದ್ದಳು. ಮುಂದೇನೋ ಕೇಳುತ್ತಾನೆ ಎಂದು ಕಾದಿರಬೇಕು. ಆಮೇಲೆ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಮತ್ತೆ ಯಾವತ್ತೂ ಆ ಮಾತೆತ್ತಲಿಲ್ಲ.

ಸಭೆ ಮುಗಿಸಿ ಬಂದು ಮನೆಯ ಮೆಟ್ಟಿಲು ಹತ್ತುವಾಗ, ಹೇಳಿಬಿಡಬೇಕು, ಒಳಗೆ ಕಾಲಿಟ್ಟ ಕೂಡಲೇ ಹೇಳಿಬಿಡಬೇಕು ಎಂದುಕೊಂಡ. ಅಕ್ಕ, ನೀನು ಅವತ್ತೇ ಹೇಳಿದ್ದೆ, ನಾನು ಕಿವಿಗೆ ಹಾಕ್ಕೊಳ್ಳಲಿಲ್ಲ. ಇಷ್ಟೇ. ಇಷ್ಟು ಹೇಳಲು ಯಾವ ಪದಕೋಶವೂ ಬೇಡ. ಅಕ್ಕ ಆಗಲೇ ಸಿದ್ಧವಾಗಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಟೇಪು ಇನ್ನೂ ಕೊರಳಲ್ಲೇ ನೇತಾಡುತ್ತಿತ್ತು.

"ಬಂದ್ಯಾ ಪುಟ್ಟ? ಮುಗೀತಾ ನಿಮ್ಮ ಪಂಚಾಯ್ತಿ?" ತಲೆ ನರೆತ ಮೇಲೂ ಅವನು ಅವಳಿಗೆ ಪುಟ್ಟನೇ. "ಯಾರು ಗೆದ್ರು?"

"ಯಜಮಾನರು."

"ಗೆಲ್ಲಲಿ ಬಿಡು. ಅವರ ಮನೇಲಿ ಅವರ ಮಾತು ನಡೆಯಲ್ವಂತೆ, ಕಚೇರೀಲಾದ್ರೂ ನಡೀಲಿ." ಏಳಲು ಹೋಗಿ, ಆಗದೆ, ಮತ್ತೆ ಕೂತಳು. "ಕೈ ಕೊಡೋ. ಈ ಹೊಟ್ಟೆ ನನಗಿಂತ ಮೊದಲು ಏಳುತ್ತೆ, ಆಮೇಲೆ ನಾನು ಏಳ್ಬೇಕು."

ಅವನು ಕೈ ಕೊಟ್ಟ. ಅವಳ ಬೆರಳುಗಳಲ್ಲಿ ಮೂಳೆಯಷ್ಟೇ ಸಿಕ್ಕಿತು. ಹೇಳಬೇಕೆಂದಿದ್ದ ಮಾತು ಚಪ್ಪಲಿ ಹುಡುಕುವ ಗಡಿಬಿಡಿಯಲ್ಲಿ ಎಲ್ಲೋ ಹೋಯಿತು. ಈಗ ಬೇಡ, ದಾರಿಯಲ್ಲಿ ಹೇಳಿದರಾಯಿತು. ದಾರಿಯಲ್ಲಿ ಬಸ್ಸು ತುಂಬಿತ್ತು. ಡಾಕ್ಟರ ಬಾಗಿಲಲ್ಲಿ ಕಾಯುವಾಗ ಹೇಳಿದರಾಯಿತು. ಅಲ್ಲಿ ಬೆಂಚಿನ ಮೇಲೆ ಪಕ್ಕದಲ್ಲೇ ಇನ್ನೊಬ್ಬರು ಕೂತಿದ್ದರು. ಹೀಗೆ ಮುಂದೂಡುತ್ತಾ ಹೋಗುವುದರಲ್ಲಿ ಅವನಿಗೆ ಒಂಥರಾ ನೆಮ್ಮದಿ ಸಿಗುತ್ತಿತ್ತು. ಅಕ್ಕ ಎದುರಿನ ಗೋಡೆಯ ಮೇಲೆ ಅಂಟಿಸಿದ್ದ ಕೈ ತೊಳೆಯುವ ಚಿತ್ರಗಳನ್ನು ನೋಡುತ್ತಾ, ಈ ಚಿತ್ರದಲ್ಲಿರುವವಳ ಕೋಟಿಗೆ ಭುಜದ ಹೊಲಿಗೆ ಸೊಟ್ಟ ಬಿದ್ದಿದೆ ನೋಡು ಎಂದಳು. ಅವನು ನೋಡಿದ. ಹೌದು, ಸೊಟ್ಟ ಬಿದ್ದಿತ್ತು.

ಅವನು ಚಿಕ್ಕವನಿದ್ದಾಗ, ಅಮ್ಮ ತೀರಿಕೊಂಡ ವರ್ಷ, ಅವನಿಗೆ ಒಬ್ಬನೇ ಮಲಗಲು ಭಯ. ಅಕ್ಕನ ಹೊಟ್ಟೆಯ ಮೇಲೆ ತಲೆಯಿಟ್ಟರೆ ಮಾತ್ರ ನಿದ್ದೆ. ಅವಳು ಉಸಿರೆಳೆದಾಗ ತಲೆ ಮೇಲೇರುತ್ತಿತ್ತು, ಬಿಟ್ಟಾಗ ಇಳಿಯುತ್ತಿತ್ತು. ಒಳಗಿನಿಂದ ಗುಳುಗುಳು ಸದ್ದು. "ಅಕ್ಕ, ಒಳಗೆ ಯಾರೋ ಇದಾರೆ." "ಇದಾರೆ. ಸುಮ್ನೆ ಮಲಗು, ಇಲ್ಲಾಂದ್ರೆ ಹೊರಗೆ ಬಂದು ನಿನ್ನ ಕಿವಿ ಹಿಂಡ್ತಾರೆ." ಅದು ಖಾಲಿ ಹೊಟ್ಟೆಯ ಸದ್ದು, ತನಗೆ ಉಣ್ಣಿಸಿ ಅವಳು ಹಾಗೇ ಮಲಗುತ್ತಿದ್ದಳು ಎಂದು ಅವನಿಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ, ಕಾಲೇಜಿನಲ್ಲಿ ಯಾವುದೋ ಪಾಠ ಕೇಳುತ್ತಾ ಕೂತಿದ್ದಾಗ. ಅವಳ ಹೊಟ್ಟೆಯ ಮಾತು ಅವನಿಗೆ ಯಾವತ್ತೂ ಹೊತ್ತು ಮೀರಿದ ಮೇಲೆಯೇ ಅರ್ಥವಾಗುವುದು. "ಒಳಗೆ ಬನ್ನಿ," ಎಂದರು ಯಾರೋ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ನಿದ್ದೆಗೆಟ್ಟ ಕಣ್ಣು. ಸ್ಕ್ಯಾನನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅಕ್ಕನನ್ನು ಪರದೆಯ ಹಿಂದಿನ ಮಂಚದ ಮೇಲೆ ಮಲಗಿಸಿ, ಬಟ್ಟೆ ಸರಿಸಿ, ಅಲ್ಲಿ ಇಲ್ಲಿ ಬೆರಳಿನಿಂದ ತಟ್ಟಿದರು.

"ಕಲ್ಲಂಗಡಿ ಕೊಳ್ಳೋರ ಹಾಗೆ ತಟ್ತೀರಲ್ಲ ಡಾಕ್ಟ್ರೆ, ಹಣ್ಣಾಗಿದೆಯಾ?" ಎಂದಳು ಅಕ್ಕ.

ಡಾಕ್ಟರಮ್ಮ ನಗಲಿಲ್ಲ. ಸಹಾಯಕಿ ಎಲ್ಲೋ ಹೊರಗೆ ಹೋಗಿದ್ದಳು. "ನೀವು ತಮ್ಮ ಅಲ್ವಾ? ಸ್ವಲ್ಪ ಇಲ್ಲಿ ಬನ್ನಿ. ಕೈ ಕೊಡಿ," ಎಂದು ಅವನ ಅಂಗೈಯನ್ನು ಹಿಡಿದು, ಕಿರುಬೆರಳ ಕಡೆಯ ಅಂಚನ್ನು ಅಕ್ಕನ ಹೊಟ್ಟೆಯ ನಟ್ಟನಡುವೆ, ಹೊಕ್ಕುಳದ ಮೇಲೆ ನಿಲ್ಲಿಸಿದರು. "ಒತ್ತಿ ಹಿಡ್ಕೊಳ್ಳಿ. ಅಲುಗಾಡಿಸ್ಬೇಡಿ."

ಬಿಗಿದು ನಿಂತ ಆ ಚರ್ಮ ಬೆಚ್ಚಗಿತ್ತು, ನಯವಾಗಿತ್ತು, ಹೊಳೆಯುತ್ತಿತ್ತು. ಅವನು ಬೇರೆ ಕಡೆ ಮುಖ ತಿರುಗಿಸಿದ. ಡಾಕ್ಟರಮ್ಮ ಒಂದು ಪಕ್ಕೆಗೆ ಅಂಗೈಯಿಟ್ಟು, ಇನ್ನೊಂದು ಪಕ್ಕೆಗೆ ಬೆರಳಿನಿಂದ ಟಪ್ಪೆಂದು ಹೊಡೆದರು. ಅವನ ಕೈಯ ಕೆಳಗೆ ಏನೋ ಹಾದುಹೋಯಿತು. ಮತ್ತೆ ಹೊಡೆದರು. ಮತ್ತೆ ಹಾದುಹೋಯಿತು. ಅಕ್ಕನ ಮೈಯೊಳಗೆ ಒಂದು ದಡದಿಂದ ಎದ್ದದ್ದು ಇನ್ನೊಂದು ದಡಕ್ಕೆ ಹೋಗಿ ಮುಟ್ಟುತ್ತಿತ್ತು. ತಾನು ತಿಂಗಳುಗಟ್ಟಲೆ ಚೀಟಿಗಳಲ್ಲಿ ಹುಡುಕಿದ್ದು ಅವನ ಅಂಗೈಯ ಅಡಿಯಲ್ಲೇ ಇತ್ತು. ಆ ಗಳಿಗೆಯಲ್ಲೂ, ಅಯ್ಯೋ, ಆ ಗಳಿಗೆಯಲ್ಲೂ ಅವನ ತಲೆ ತನ್ನ ಪಾಡಿಗೆ ತಾನು ವಾಕ್ಯ ಹೊಸೆಯುತ್ತಿತ್ತು: ಒಂದು ಬದಿಗೆ ತಟ್ಟಿದರೆ ಇನ್ನೊಂದು ಬದಿಗೆ ತಾಕುವಂತೆ, ಅಲ್ಪವಿರಾಮ. ಕೈ ಕಿತ್ತುಕೊಳ್ಳಬೇಕೆನಿಸಿತು. "ಅಲುಗಾಡಿಸ್ಬೇಡಿ ಅಂದೆನಲ್ಲ," ಎಂದರು ಡಾಕ್ಟರಮ್ಮ. ಅಕ್ಕ ಮಲಗಿದಲ್ಲಿಂದಲೇ ಅವನ ಮುಖ ನೋಡಿ, "ಹೆದರ್ಕೋಬೇಡ್ವೋ, ನನಗೇನೂ ನೋಯ್ತಿಲ್ಲ," ಎಂದಳು.

ಅವಳು ಬಟ್ಟೆ ಸರಿಮಾಡಿಕೊಳ್ಳುತ್ತಿದ್ದಾಗ ಡಾಕ್ಟರಮ್ಮ ಅವನನ್ನು ಪರದೆಯ ಈಚೆಗೆ ಕರೆದರು. ದನಿ ತಗ್ಗಿಸಿದರು, ಆದರೆ ಎಷ್ಟು ತಗ್ಗಿಸಿದರೂ ಅದು ದಿನವಿಡೀ ಮಾತಾಡಿ ಒಡೆದ ದನಿ. ಅಂಡಾಶಯದಲ್ಲಿ ಶುರುವಾಗಿದೆ. ಈಗ ಎಲ್ಲಾ ಕಡೆ ಹರಡಿದೆ. ಹೊಟ್ಟೆಯ ನೀರನ್ನು ನಾಳೆ ಬಂದರೆ ತೆಗೆಯುತ್ತೇವೆ, ಒಂದಿಷ್ಟು ದಿನ ಹಗುರಾಗುತ್ತದೆ, ಮತ್ತೆ ತುಂಬಿಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಿಗೆ ಏನನ್ನೂ ನಾನು ಹೇಳಲಾರೆ.

"ಆಪರೇಷನ್..."

"ಅದರ ಹೊತ್ತು ಮೀರಿದೆ. ಮೂರ್ನಾಲ್ಕು ತಿಂಗಳು ಮೊದಲೇ ಬಂದಿದ್ರೆ ಕೈಯಲ್ಲಾದ್ದು ಮಾಡಬಹುದಿತ್ತು." ಡಾಕ್ಟರಮ್ಮ ಪೆನ್ನಿನ ಮುಚ್ಚಳ ಹಾಕಿದರು. "ಇಷ್ಟು ದಿನ ಸುಮ್ನಿದ್ರಾ? ಹೊಟ್ಟೆ ಉಬ್ಬುತ್ತೆ, ಊಟ ಸೇರಲ್ಲ ಅಂತ ನಿಮ್ಮ ಹತ್ರ ಅವರು ಏನೂ ಹೇಳಿರ್ಲಿಲ್ವಾ?"

ಹೌದು, ಹೇಳಿದ್ದಳು. ಒಂದು ಸಲವಲ್ಲ, ಮೂರು ಸಲ; ಎರಡು ಸಲ ನಾನೇ ಹೇಳಿಸಿದೆ. ಅವಳು ಹೇಳಿದ್ದು ಅಲ್ಪವಿರಾಮ ಪೂರ್ಣವಿರಾಮದ ಸಮೇತ ನನ್ನ ಹತ್ತಿರ ಇದೆ, ಇವತ್ತೇ ಅಚ್ಚಿಗೆ ಹೋಗಿದೆ. ಆ ಚಿಕ್ಕ ವಯಸ್ಸಿನವರ ನಿದ್ದೆಗೆಟ್ಟ ಕಣ್ಣು ಅವನನ್ನೇ ನೋಡುತ್ತಿತ್ತು. ಬಹಳ ದೊಡ್ಡ ಅಪಮಾನವೇನೂ ಆಗುತ್ತಿರಲಿಲ್ಲ. ಹೆಚ್ಚೆಂದರೆ ಆಕೆ ಹುಬ್ಬು ಗಂಟಿಕ್ಕುತ್ತಿದ್ದರು, ಅಷ್ಟೇ. ಅದನ್ನು ತಡೆದುಕೊಳ್ಳಲು ಅವನಿಂದಾಗಲಿಲ್ಲ.

"ಇಲ್ಲ ಡಾಕ್ಟ್ರೆ," ಎಂದ. "ನನ್ನ ಹತ್ರ ಏನೂ ಹೇಳಿರ್ಲಿಲ್ಲ."

ಡಾಕ್ಟರಮ್ಮ ನಿಟ್ಟುಸಿರು ಬಿಟ್ಟು ಪರದೆ ಸರಿಸಿದರು. ಅಕ್ಕ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತಿದ್ದಳು. "ಏನಮ್ಮ ನೀವು, ಮೈಯಲ್ಲಿ ಇಷ್ಟು ತೊಂದರೆ ಇಟ್ಕೊಂಡು ಮನೆಯವರ ಹತ್ರ ಒಂದು ಮಾತು ಹೇಳಬಾರ್ದಾ? ಪಾಪ, ಅವರಿಗಾದ್ರೂ ಹೇಗೆ ಗೊತ್ತಾಗ್ಬೇಕು?" 

ಅಕ್ಕ ಡಾಕ್ಟರಮ್ಮನನ್ನು ನೋಡಿದಳು. ಆಮೇಲೆ ಅವನನ್ನು ನೋಡಿದಳು. ಅವನು ನೆಲದ ಹಾಸುಗಲ್ಲುಗಳ ಸಂದಿಯನ್ನು ನೋಡುತ್ತಿದ್ದ. "ತಪ್ಪಾಯ್ತು ಡಾಕ್ಟ್ರೆ," ಎಂದಳು ಅಕ್ಕ, ಶಾಲೆಯಲ್ಲಿ ಬೈಸಿಕೊಂಡ ಹುಡುಗಿಯ ಹಾಗೆ.

ಹೊರಗೆ ಬಿಸಿಲು ಇಳಿದಿತ್ತು. ಕಚೇರಿ ಬಿಡುವ ಹೊತ್ತು, ಬೀದಿಯ ತುಂಬ ಜನ. ಬಸ್ ಸ್ಟಾಪಿನ ಕಲ್ಲು ಬೆಂಚಿನಲ್ಲಿ ಅಕ್ಕನನ್ನು ಕೂರಿಸಿ ಅವನು ನಿಂತಿದ್ದ. ಅವಳು ಪಕ್ಕದ ಜಾಗವನ್ನು ಕೈಯಿಂದ ತಟ್ಟಿ, ಕೂತ್ಕೋ ಎಂದಳು. ಕೂತ. ಏನು ಹೇಳಬೇಕು, ಎಷ್ಟು ಹೇಳಬೇಕು, ಯಾವ ಮಾತಿನಿಂದ ಶುರು ಮಾಡಬೇಕು ಎಂದು ಅವನು ಒಳಗೇ ಪದಗಳನ್ನು ಜೋಡಿಸುತ್ತಿದ್ದ.

"ನೀನೇನೂ ಹೇಳ್ಬೇಡ," ಎಂದಳು ಅಕ್ಕ. "ಪರದೆ ಅನ್ನೋದು ಬಟ್ಟೆ ತಾನೆ. ಅದೂ ತೆಳು ಬಟ್ಟೆ. ಎಲ್ಲಾ ಕೇಳಿಸ್ತು."

ಎಲ್ಲಾ ಎಂದರೆ ಅವನು ಡಾಕ್ಟರಮ್ಮನಿಗೆ ಹೇಳಿದ್ದೂ.

"ಸಾಯೋದಕ್ಕೇನೋ, ಒಂದಲ್ಲ ಒಂದಿನ ಎಲ್ರೂ ಸಾಯ್ತಾರೆ. ನನಗೆ ನಿನ್ನದೇ ಯೋಚನೆ. ಒಂದು ಲೋಟ ನೀರು ಕಾಯ್ಸಕ್ಕೂ ಬರಲ್ಲ ನಿನಗೆ." ಅವಳು ನಗಲು ನೋಡಿದಳು, ಆಗಲಿಲ್ಲ. ಕೈವಸ್ತ್ರಕ್ಕೆ ತಡಕಾಡಿದಳು, ಸಿಗದೆ ಅಂಗೈಯಿಂದಲೇ ಕಣ್ಣೊರೆಸಿಕೊಂಡಳು. "ಒಂದೇ ಒಂದು ಹೊಟ್ಟೆ ಉರಿ ಪುಟ್ಟ. ಮೊದಲೇ ಬಂದಿದ್ರೆ ಏನಾದ್ರೂ ಆಗ್ತಿತ್ತು ಅಂದ್ರಲ್ಲ ಅವರು. ನಾನು ನಿನಗೆ ಬಾಯಿಬಿಟ್ಟು ಹೇಳಬೇಕಿತ್ತು."

ಅವನು ಬಸ್ಸು ಬರುವ ದಿಕ್ಕಿಗೆ ಕತ್ತು ತಿರುಗಿಸಿದ.

"ಹೇಳಿದ್ದೆ ಅಂತಾನೇ ನನಗೊಂದು ನೆನಪು. ಯಾವತ್ತೋ ಒಂದಿನ, ಊಟದ ಹೊತ್ತಲ್ಲಿ. ನೀನು ಎದ್ದು ನಿಂತ್ಕೊಂಡು ಕೇಳಿದ ಹಾಗೆ." ಅವಳು ಹುಬ್ಬು ಗಂಟಿಕ್ಕಿ, ನೆನಪನ್ನು ಹಿಡಿದು ನೋಡುವವಳಂತೆ ಬೀದಿಯ ಕಡೆ ನೋಡಿದಳು. "ಇಲ್ಲ ಬಿಡು. ನೀನು ಇಲ್ಲ ಅಂದ್ಮೇಲೆ ಇಲ್ಲ. ಯಾರು ಏನಂದ್ರು ಅಂತ ಮರೆಯೋನಲ್ಲ ನೀನು, ಅದೇ ನಿನ್ನ ಕೆಲಸ. ನನಗೇ ಈಗೀಗ ಎಲ್ಲಾ ಕಲಸುಮೇಲೋಗರ. ಮನಸ್ಸಲ್ಲಿ ಅಂದ್ಕೊಂಡಿದ್ದನ್ನೇ ಹೇಳಿದೀನಿ ಅಂದ್ಕೊಂಡುಬಿಟ್ಟಿರ್ಬೇಕು."

ಈಗ. ಈಗಲ್ಲದಿದ್ದರೆ ಇನ್ನೆಂದೂ ಇಲ್ಲ. ನೀನು ಹೇಳಿದ್ದೆ ಅಕ್ಕ. ಇಷ್ಟು ಅಂದುಬಿಟ್ಟರೆ ಅವಳ ನೆನಪು ಅವಳಿಗೆ ವಾಪಸು ಸಿಗುತ್ತದೆ. ಸಾಯುವುದಾದರೂ ತನ್ನ ತಪ್ಪಿಲ್ಲವೆಂದು ತಿಳಿದು ಸಾಯುತ್ತಾಳೆ. ಅದಕ್ಕಿಂತ ಹೆಚ್ಚಿಗೆ ಅವಳಿಗೆ ಕೊಡಲು ಅವನ ಹತ್ತಿರ ಏನೂ ಉಳಿದಿರಲಿಲ್ಲ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬಾಯಿ ತೆರೆದ. ಅಕ್ಕ ತಿರುಗಿ ಅವನ ಕೈಯನ್ನು, ಹೊಟ್ಟೆಯ ಮೇಲಿಟ್ಟಿದ್ದ ಅದೇ ಕೈಯನ್ನು, ತನ್ನ ಎರಡು ಕೈಗಳಲ್ಲಿ ಹಿಡಿದುಕೊಂಡಿದ್ದಳು. ಅವಳ ಕಣ್ಣಲ್ಲಿದ್ದದ್ದು ಬರೀ ಅಂಜಿಕೆ, ಎಲ್ಲಿ ತಮ್ಮ ತನ್ನ ಮೇಲೆ ಬೇಸರ ಮಾಡಿಕೊಂಡುಬಿಡುತ್ತಾನೋ ಎಂಬ ಅಂಜಿಕೆ.

"ತಪ್ಪಾಯ್ತು ಪುಟ್ಟ. ಹೊಟ್ಟೆಗೆ ಹಾಕ್ಕೊಂಡ್ಬಿಡು."

"ಹೋಗ್ಲಿ ಬಿಡಕ್ಕ," ಎಂದ ಅವನು.

ಅವಳು ಇನ್ನೂ ಅವನ ಮುಖವನ್ನೇ ನೋಡುತ್ತಿದ್ದಳು. ಇನ್ನೇನಾದರೂ ಹೇಳಬೇಕೆನಿಸಿತು.

"ಇನ್ಮುಂದೆ ಏನೇ ಆದ್ರೂ ನನ್ನ ಹತ್ರ ಹೇಳ್ಬೇಕು. ಮುಚ್ಚಿಡ್ಬಾರ್ದು."

"ಹ್ಞೂಂ," ಎಂದು ಅಕ್ಕ ತಲೆಯಾಡಿಸಿದಳು. "ಇನ್ಮುಂದೆ ಹೇಳ್ತೀನಿ."